ಪೇಪರಿನಲ್ಲಿ ಇಲ್ಲದ ಕೊಲೆಗಾರ

ನಮ್ಮ ಹುಕ್ಕೇರಿ ಮನೆಯಲ್ಲಿ ರವಿವಾರ ಮಧ್ಯಾಹ್ನ ಊಟವಾದ ಮೇಲೆ ಯಾರೂ ಮಲಗುವುದಿಲ್ಲ. ಎಲ್ಲರೂ ಸೇರಿ ಕೊಲೆಗಾರನನ್ನು ಹಿಡಿಯುತ್ತಾರೆ. ಟೀವಿಯಲ್ಲಿ ಅಂಥದೊಂದು ಕಾರ್ಯಕ್ರಮ ಬರುತ್ತದೆ. ಹದಿನೈದು ಇಪ್ಪತ್ತು ವರ್ಷದ ಹಿಂದೆ ಆದ ಖೂನಿ, ಪೊಲೀಸರೇ ಕೈಚೆಲ್ಲಿ ಕಪಾಟಿನಲ್ಲಿಟ್ಟ ಕಾಗದಪತ್ರ, ಅದನ್ನು ಯಾರೋ ಒಬ್ಬ ಅಧಿಕಾರಿ ಧೂಳು ಜಾಡಿಸಿ ಹೊರಗೆ ತೆಗೆದು ಮತ್ತೆ ತನಿಖೆ ಮಾಡುತ್ತಾನೆ. ಅವನು ಅಲ್ಲಿ ನಿಧಾನವಾಗಿ ತನಿಖೆ ಮಾಡುತ್ತಿದ್ದರೆ ಇಲ್ಲಿ ನಮ್ಮ ಪಡಸಾಲೆಯಲ್ಲಿ ತೀರ್ಪೇ ಆಗಿಹೋಗಿರುತ್ತದೆ.

"ಅಂವನ್ನ ನೋಡ್ರಿ, ಕಣ್ಣಾಗ ಕಣ್ಣಿಟ್ಟ ಮಾತಾಡವಲ್ಲ. ಅವನ ಮಾಡ್ಯಾನ" ಅನ್ನುತ್ತಾರೆ ಬಾಜೂ ಮನೆಯ ತಲಾಠಿಯವರು. ಊರ ಲೆಕ್ಕ ಬರೆಯುವ ನೌಕರಿ ಬಿಟ್ಟು ಹತ್ತು ವರ್ಷವಾದರೂ ನಮ್ಮ ಓಣಿಗೆ ಅವರು ತಲಾಠಿಯವರೇ.

"ಇಲ್ಲರಿ ಕಾಕಾ, ಆ ಅಡಗಿ ಮಾಡಾಕಿ ಅದಾಳಲ್ಲ, ಅಕೀನ. ಅಕಿ ಸೀರಿ ನೋಡಿದಾಗನ ನಂಗ ಡೌಟ್ ಬಂತು" ಅನ್ನುತ್ತಾಳೆ ಶೇಂಗಾ ಸುಲಿಯುತ್ತ ಕೂತ ನನ್ನ ಸೊಸೆ ವೀಣಾ. ಸೀರೆಗೂ ಖೂನಿಗೂ ಏನು ಸಂಬಂಧ ಅಂತ ಕೇಳುವ ಧೈರ್ಯ ನನ್ನ ಮಗನಿಗೂ ಇಲ್ಲ.

ಕಾಲೇಜಿಗೆ ಹೋಗುವ ಮೊಮ್ಮಗಳು ಸ್ಫೂರ್ತಿ ಮೊನ್ನೆ ನನ್ನ ಕಡೆ ತಿರುಗಿದಳು. "ಅಜ್ಜಿ, ಇಷ್ಟ ದಿನಾ ಆತು ನೋಡಾಕತ್ತಿ. ಒಮ್ಮೆರ ಒಬ್ಬರ ಹೆಸರ ಹೇಳೀಯೇನ? ಯಾರ ಮಾಡ್ಯಾರ ಹೇಳ."

"ನಂಗೇನ ಗೊತ್ತವ್ವಾ" ಅಂದೆ.

"ಗೊತ್ತಿಲ್ಲ ಅಂತನ ಆಡೋದು ಈ ಆಟಾ!"

ಆಟ. ಹೌದು. ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಈ ಆಟದಲ್ಲಿ ನನ್ನ ಪಾಲಿನದನ್ನು ನಾನು ಹದಿನೇಳನೇ ವಯಸ್ಸಿಗೇ ಆಡಿ ಮುಗಿಸಿದ್ದೇನೆ. ನಾನೂ ನೋಡದ, ಅವನೂ ನೋಡದ ಊರಿನಲ್ಲಿ ಆಗಿದ್ದ ಖೂನಿಯನ್ನು ಒಬ್ಬ ಬಡಪಾಯಿಯ ತಲೆಗೆ ಕಟ್ಟಿದವಳು ನಾನು. ಅದೂ ಕೈಯಲ್ಲಿ ಪೇಪರು ಹಿಡಿದು, ಓದಿದಂತೆ ನಟಿಸಿ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಮ್ಮ ಕಡೆ ಇನ್ನೂ ಮುಂಬೈ ಸರಕಾರ. ನಮ್ಮಪ್ಪ ತುಕ್ಕಾನಟ್ಟಿಯಲ್ಲಿ ಸಾಲಿ ಮಾಸ್ತರರು. ಊರಿಗೆ ಬರುತ್ತಿದ್ದುದು ಒಂದೇ ಪೇಪರು, ಅದು ನಮ್ಮ ಮನೆಗೆ. ಹುಬ್ಬಳ್ಳಿಯಲ್ಲಿ ಅಚ್ಚಾಗಿ, ರೈಲಿನಲ್ಲಿ ಘಟಪ್ರಭಾ ಸ್ಟೇಷನ್ನಿಗೆ ಇಳಿದು, ಅಲ್ಲಿಂದ ಮೋಟಾರು ಹತ್ತಿ ಬರುವಷ್ಟರಲ್ಲಿ ನಿನ್ನೆಯ ಸುದ್ದಿ ಮೊನ್ನೆಯದಾಗಿರುತ್ತಿತ್ತು. ನಮಗೇನೂ ಅವಸರ ಇರಲಿಲ್ಲ. ಅಪ್ಪ ಸಾಲಿಯಿಂದ ಊಟಕ್ಕೆ ಬಂದಾಗ ದಿಲ್ಲಿಯ ಸುದ್ದಿ ಓದಿ ಮಡಚಿಟ್ಟು ಹೋಗುತ್ತಿದ್ದರು. ಆಮೇಲೆ ಪೇಪರು ನನ್ನದು.

ನನ್ನದು ಅಂದರೆ ಶಾವಿಗೆ ಹೊಸೆಯುವ ಹೆಂಗಸರದು. ಬೇಸಿಗೆಯಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಪಾಳಿಯಿಂದ ಒಬ್ಬೊಬ್ಬರ ಮನೆಯಲ್ಲಿ ಸೇರಿ ವರ್ಷಕ್ಕಾಗುವಷ್ಟು ಶಾವಿಗೆ ಮಾಡುತ್ತಿದ್ದರು. ಉದ್ದನೆಯ ಮಣೆಯ ಒಂದು ತುದಿ ಎತ್ತರಕ್ಕೆ ಏರಿಸಿ, ಮೇಲೆ ಒಬ್ಬಾಕೆ ಕೂತು ಕಣಕ ಹೊಸೆಯಬೇಕು. ಕೆಳಗೆ ಒಬ್ಬಾಕೆ ಇಳಿಯುವ ಎಳೆ ಹರಿಯದಂತೆ ಹಿಡಿದು ಕೋಲಿಗೆ ಹಾಕಬೇಕು. ಕೂದಲೆಳೆಯಂಥ ಶಾವಿಗೆ ತೆಗೆಯುವವರು ಅಲ್ಲಿದ್ದರು. ನಾನು ತೆಗೆದರೆ ಅದರಿಂದ ಎತ್ತು ಕಟ್ಟಬಹುದಿತ್ತು. ಆದರೆ ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಆ ಕಾಲಕ್ಕೆ ಅದು ದೊಡ್ಡ ಮಾತೇ, ನಾನು ಅದನ್ನು ಇನ್ನಷ್ಟು ದೊಡ್ಡದು ಮಾಡಿಕೊಂಡಿದ್ದೆ. ಕೈಗೆ ಕಣಕ ಹತ್ತಿಸಿಕೊಳ್ಳದೆ, ಕಂಬಳಿಯ ಮೇಲೆ ಕೂತು ಪೇಪರು ಓದಿ ಹೇಳುವುದು ನನ್ನ ಕೆಲಸ ಅಂತ ನಾನೇ ನಿರ್ಧಾರ ಮಾಡಿಕೊಂಡಿದ್ದೆ.

ಮೊದಮೊದಲು ಯಾರೂ ಕಿವಿಗೊಡುತ್ತಿರಲಿಲ್ಲ. ಮಂತ್ರಿಗಳ ಭಾಷಣಕ್ಕಿಂತ ಕಣಕದ ಹದ ಮುಖ್ಯವಾಗಿತ್ತು. ಆ ಬೇಸಿಗೆ ಮಾತ್ರ ಪೇಪರಿನಲ್ಲಿ ಒಂದು ಖೂನಿ ಬಂತು.

ಘಟ್ಟದ ಕೆಳಗಿನ ಯಾವುದೋ ಊರು. ಹನ್ನೆರಡು ವರ್ಷದ ಹಿಂದೆ ಒಬ್ಬ ಸಾಹುಕಾರ ಕಾಣೆಯಾಗಿದ್ದ. ಕಾಶಿಗೆ ಹೋದ ಅಂತ ಮನೆಯವರು ಹೇಳಿದ್ದರು, ಊರವರು ನಂಬಿದ್ದರು. ಈಗ ಅವನದೇ ಹಿತ್ತಿಲ ಬಾವಿಯ ಹೂಳು ತೆಗೆಯುವಾಗ ಎಲುಬು ಸಿಕ್ಕವು, ಜೊತೆಗೆ ಅವನ ಹೆಸರು ಕೊರೆದ ಹಿತ್ತಾಳೆಯ ತಂಬಿಗೆ ಸಿಕ್ಕಿತು. ಮುಚ್ಚಿಟ್ಟ ತನಿಖೆ ಮತ್ತೆ ಶುರುವಾಯಿತು. ಪೇಪರಿನವರು ದಿನಕ್ಕೊಂದು ತುಣುಕು ಹಾಕತೊಡಗಿದರು, ನಾನು ಓದತೊಡಗಿದೆ, ತುಕ್ಕಾನಟ್ಟಿಯ ಹೆಂಗಸರು ಆ ಊರಿಗೇ ವಸ್ತಿ ಹೋದರು.

"ಅವನ ಗುಮಾಸ್ತ ಮಾಡಿರ್ಬೇಕ" ಅಂತ ಮೊದಲ ದಿನವೇ ಗಂಗವ್ವ ಕಾಕು ಹೇಳಿಬಿಟ್ಟಳು. ನಮ್ಮೆದುರು ಮನೆಯಾಕೆ, ವಯಸ್ಸು ಚಿಕ್ಕದಾದರೂ ಓಣಿಗೇ ಹಿರೇತನ ಮಾಡುವವಳು. ಅವಳ ಗಂಡ ಊರ ಗೌಡರ ಬಲಗೈ. ಮರುದಿನ ಗುಮಾಸ್ತ ಸತ್ತು ಬಹಳ ವರ್ಷವಾಯಿತೆಂದು ಪೇಪರು ಹೇಳಿತು. ಕಾಕು ಪೇಪರಿನ ಮೇಲೆಯೇ ಸಿಟ್ಟಾದಳು.

"ಹನ್ನೆರಡ ವರ್ಷ ಆ ಸಾಹುಕಾರನ ಹೇಣ್ತಿ ಕುಂಕುಮಾ ಹಚ್ಚಗೊಂಡಾಳಲ್ಲರಿ. ಈಗ ಏನ ಮಾಡಬೇಕ ಅಕಿ?" ಅಂತ ಆ ವರ್ಷವಷ್ಟೇ ಗಂಡನ ಮನೆಗೆ ನಡೆಯಲು ಬಂದಿದ್ದ ಹೊಸ ಸೊಸೆಯೊಬ್ಬಳು ಕೇಳಿದಾಗ ಎಲ್ಲರ ಕೈ ನಿಂತವು. ಅವತ್ತು ಒಂದು ಕೋಲು ಶಾವಿಗೆ ಹಾಳಾಯಿತು.

ನಮ್ಮ ಆಯಿ, ಅಪ್ಪನ ತಾಯಿ, ಯಾರ ಮೇಲೂ ಹೇಳುತ್ತಿರಲಿಲ್ಲ. ಬಾಯಲ್ಲಿ ಹಲ್ಲಿಲ್ಲ, ಅಕ್ಷರ ಗೊತ್ತಿಲ್ಲ, ಆದರೆ ಪ್ರಶ್ನೆ ಕೇಳುವುದರಲ್ಲಿ ಯಾವ ವಕೀಲನಿಗೂ ಕಡಿಮೆಯಿಲ್ಲ. ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದಳು.

"ಆ ಬಾವಿ ನೀರ ಹನ್ನೆರಡ ವರ್ಷ ಯಾರ ಕುಡದ್ರ?"

"ಶಿವಾ ಶಿವಾ!" ಅಂದರು ಎಲ್ಲರೂ. ಆ ಸಂಜೆ ಓಣಿಯಲ್ಲಿ ಯಾರೂ ಸರಿಯಾಗಿ ನೀರು ಕುಡಿಯಲಿಲ್ಲ.

ನನಗೋ, ಏರಿದ ಅಮಲು. ನಾನು ಬರುವುದನ್ನೇ ಕಾಯುವ ಹತ್ತು ಜನ, ಬಾಯಿ ಬಿಟ್ಟು ನನ್ನನ್ನೇ ನೋಡುವ ಹಿರಿಯರು! "ಬಂದ್ಲು ನಮ್ಮ ಶಾಂತವ್ವ, ಜಾಗಾ ಬಿಡ್ರಿ" ಅನ್ನುತ್ತಿದ್ದ ಗಂಗವ್ವ ಕಾಕು ತನ್ನ ತಲೆದಿಂಬನ್ನೇ ನನ್ನ ಬೆನ್ನಿಗೆ ಕೊಡುತ್ತಿದ್ದಳು. ಆ ದಿಂಬಿನ ಆಸೆಗೆ ಕೆಟ್ಟೆ ನೋಡಿ.

ಒಂದು ದಿನ ಮೋಟಾರು ಬರಲಿಲ್ಲ. ಎಲ್ಲಿಯೋ ಕೆಟ್ಟು ನಿಂತಿತ್ತಂತೆ. ಪೇಪರಿಲ್ಲ ಅಂದರೆ ಓದುವುದಿಲ್ಲ, ಓದುವುದಿಲ್ಲ ಅಂದರೆ ಶಾವಿಗೆ ಮಣೆ ಹತ್ತಬೇಕು, ಹತ್ತಿದರೆ ನನ್ನ ಶಾವಿಗೆ ನೋಡಿ ಎಲ್ಲರೂ ನಗಬೇಕು. ಇದನ್ನೆಲ್ಲ ಒಂದೇ ಗಳಿಗೆಯಲ್ಲಿ ಯೋಚಿಸಿ ಹಿಂದಿನ ದಿನದ ಪೇಪರನ್ನೇ ಮಡಚಿ ಹಿಡಿದುಕೊಂಡು ಹೋದೆ. ಏನೋ ಎರಡು ಸಾಲು ಹೊಂದಿಸಿ ಹೇಳಿದರಾಯಿತು, ನಾಳೆ ಹೊಸದು ಬರುತ್ತದಲ್ಲ ಅಂತ.

"ಪೊಲೀಸರಿಗೆ ಹೊಸ ಸುಳಿವು ದೊರೆತಿದೆ" ಅಂತ ಪೇಪರಿನ ಭಾಷೆಯಲ್ಲಿ ಶುರು ಮಾಡಿದೆ. ಮುಂದೇನು? ತಲೆ ಖಾಲಿ. ಎಲ್ಲರೂ ಕಾಯುತ್ತಿದ್ದಾರೆ. ಆಗ ಹಿಂದಿನ ಓಣಿಯಿಂದ ಸಪ್ಪಳ ಬಂತು. ಟಕ್, ಟಕ್, ಟಕ್.

ದುರಗಪ್ಪ. ಮೂಡಲಗಿಯ ಆಚೆಯಿಂದ ಪ್ರತಿ ಬೇಸಿಗೆ ಬರುತ್ತಿದ್ದ ಬೀಸುಕಲ್ಲು ಕಟೆಯುವವ. ಬೀಸಿ ಬೀಸಿ ಕಲ್ಲಿನ ಹಲ್ಲು ಸವೆದರೆ ಹಿಟ್ಟು ಸಣ್ಣಗಾಗುವುದಿಲ್ಲ. ಅವನು ಪಡಸಾಲೆಯಲ್ಲಿ ಕೂತು ಚಾಣ ಸುತ್ತಿಗೆ ಹಿಡಿದು ಕಲ್ಲಿನ ಮೈತುಂಬ ಹೊಸ ಹಲ್ಲು ಮೂಡಿಸಿ ಕೊಡುತ್ತಿದ್ದ. ಕೂಲಿ ಅಂದರೆ ಜೋಳ, ಒಂದು ಹೊತ್ತಿನ ರೊಟ್ಟಿ. ನನಗೆ ನೆನಪಿದ್ದಾಗಿನಿಂದ ಅವನ ಎಡಗಣ್ಣು ಮುಚ್ಚಿಯೇ ಇತ್ತು.

ನನ್ನ ಬಾಯಿ ತಾನಾಗಿ ಓದಿತು. "ಹನ್ನೆರಡು ವರ್ಷಗಳ ಹಿಂದೆ ಸಾಹುಕಾರರ ಮನೆಗೆ ಬಂದಿದ್ದ ಅಪರಿಚಿತನು ಊರೂರು ತಿರುಗುವ ಕಸುಬಿನವನು. ಅವನ ಎಡಗಣ್ಣು ಮುಚ್ಚಿತ್ತು. ಕೈಯಲ್ಲಿ ಕಬ್ಬಿಣದ ಆಯುಧವಿತ್ತು."

ಟಕ್, ಟಕ್.

ಕೋಲಿನ ಮೇಲಿನ ಶಾವಿಗೆ ಜೋತಾಡುವುದೂ ನಿಂತಿತು ಅನಿಸಿತು ನನಗೆ. ಗಂಗವ್ವ ಕಾಕು ಕಣಕದ ಕೈಯಲ್ಲೇ ಎದ್ದು ಹೋಗಿ ತಲೆಬಾಗಿಲ ಅಗಳಿ ಹಾಕಿದಳು. ಖರೆ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಹೆದರಿಕೆಯಾಗಲಿಲ್ಲ. ಖುಷಿಯಾಯಿತು. ಅಷ್ಟು ಮೌನ ನನ್ನ ಓದಿಗೆ ಎಂದೂ ಸಿಕ್ಕಿರಲಿಲ್ಲ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ದಿಲ್ಲಿಯ ಸುದ್ದಿಯಷ್ಟೇ ಓದುವ ಅಪ್ಪ ಮಾತ್ರ ಶಾವಿಗೆ ಮಣೆಯ ಮಾತೆಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಬಂದ ನಿಜವಾದ ಪೇಪರಿನಲ್ಲಿ ಕಣ್ಣೂ ಇಲ್ಲ, ಕಬ್ಬಿಣವೂ ಇಲ್ಲ. "ಒಕ್ಕಣ್ಣಂದು ಏನ ಬಂದೈತಿ?" ಅಂತ ಕೇಳಿದರು. "ಹುಡುಕಾಕತ್ತಾರಂತ" ಅಂದುಬಿಟ್ಟೆ. ಒಂದು ಸುಳ್ಳನ್ನು ಮನೆಗೆ ಕರೆತಂದ ಮೇಲೆ ಮರುದಿನ ಅದಕ್ಕೆ ಊಟವನ್ನೂ ಹಾಕಲೇಬೇಕಾಯಿತು.

ದುರಗಪ್ಪ ಓಣಿ ಓಣಿ ತಿರುಗಿ "ಬೀಸೂಕಲ್ಲ ಕಟಿಸ್ತೀರೇನ್ರೆವ್ವಾ" ಅಂತ ಕೂಗಿದರೆ ಅವನ ಮುಂದೆಯೇ ಬಾಗಿಲು ಮುಚ್ಚತೊಡಗಿದವು. ಆ ವರ್ಷ ಅವನ ಜೊತೆ ಬಾಣಂತಿ ಮಗಳೂ ಬಂದಿದ್ದಳು. ಚಾವಡಿಯ ಕಟ್ಟೆಯ ಮೇಲೆ ಕೂಸು ಹಾಕಿಕೊಂಡು ಕೂತಿರುತ್ತಿದ್ದಳು. ಅವಳಿಗೂ ಯಾರೂ ರೊಟ್ಟಿ ನೀಡಲಿಲ್ಲ.

ಇತ್ತ ಊರಿನ ಕಲ್ಲುಗಳೆಲ್ಲ ಬೋಳಾದವು. ಜೋಳದ ಹಿಟ್ಟು ಅಂದರೆ ನುಚ್ಚು. ರೊಟ್ಟಿ ಬಡಿಯಲು ಹೋದರೆ ಅಂಚು ಸೀಳುತ್ತಿತ್ತು, ಹಂಚಿಗೆ ಹಾಕಿದರೆ ನಡುವೆ ಹರಿಯುತ್ತಿತ್ತು. "ಏನಿದು, ಖೂನಿ ನೀವು ರೊಟ್ಟೀದ ಮಾಡಾಕತ್ತೀರೇನ?" ಅಂತ ಗಂಗವ್ವ ಕಾಕುನ ಗಂಡ ತಾಟು ದೂಡಿ ಎದ್ದರಂತೆ. ಹರಕು ರೊಟ್ಟಿ ತಿಂದರೂ ಚಿಂತೆಯಿಲ್ಲ, ಅವನನ್ನು ಮಾತ್ರ ಒಳಗೆ ಕರೆಯುವುದಿಲ್ಲ ಅಂತ ಹೆಂಗಸರ ಹಟ.

ಆಮೇಲೆ ಗಂಗವ್ವ ಕಾಕುನೇ ಹೊಸ ಸುದ್ದಿ ತಂದಳು. "ಗೌಡ್ರು ನಾಡದ ಗೋಕಾಕಕ್ಕ ಆಳ ಕಳಸತಾರಂತ. ಫೌಜದಾರನ್ನ ಕರಸಿ ಹಿಡಿದ ಕೊಡತಾರಂತ."

ಫೌಜದಾರ! ಫೌಜದಾರ ಅಂದರೆ ಕೇಳಿಯಾದ ಮೇಲೆ ಹೊಡೆಯುವವನಲ್ಲ, ಹೊಡೆದಾದ ಮೇಲೆ ಕೇಳುವವನು ಅಂತ ನಾವೆಲ್ಲ ನಂಬಿದ್ದೆವು. ಊಟ ಸೇರಲಿಲ್ಲ. ಅಪ್ಪನಿಗೆ ಹೇಳಬೇಕೆಂದು ಬಾಗಿಲವರೆಗೆ ಹೋಗುವುದು, ಅವರ ಛಡಿ ನೋಡಿ ತಿರುಗಿ ಬರುವುದು.

ಮರುದಿನ ಮುಂಜಾನೆ ದುರಗಪ್ಪನೇ ನಮ್ಮ ಮನೆಗೆ ಬಂದ. ಹೊಸ್ತಿಲ ಹೊರಗೇ ನಿಂತ.

"ತಂಗೀ, ನೀ ಪೇಪರ ಓದತಿ ಅಂತಲ್ಲ. ಒಂದ ಮಾತ ಕೇಳಲೇನ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಪೇಪರನ್ಯಾಗ ಹಿಟ್ಟಿನ ಗಿರಣೀದು ಏನರ ಬಂದೈತೇನ? ಊರೂರಿಗೆ ಗಿರಣಿ ಬರತಾವು, ಇನ್ನ ಕಲ್ಲ ಕಟಿಸಬ್ಯಾಡ್ರಿ ಅಂತ? ಹದಿನೈದ ವರ್ಷಾತು ಈ ಊರಿಗೆ ಬರಾಕತ್ತು. ಈ ಸಲಾ ಯಾರೂ ಕರಿವಲ್ರು. ಮಾರೀನೂ ನೋಡವಲ್ರು. ಅದಕ್ಕ ಕೇಳಿದ್ನಿ."

"ಇಲ್ಲ" ಅಂದೆ.

ಅವನು ಬಗ್ಗಿ ಬಾಗಿಲ ಪಕ್ಕದಲ್ಲಿದ್ದ ನಮ್ಮ ಕಲ್ಲಿನ ಮೇಲೆ ಅಂಗೈ ಆಡಿಸಿದ. "ಪೂರಾ ಬೋಳ ಆಗೈತಿ. ಆಯಿನ್ನ ಕೇಳು, ಕಟದ ಕೊಡತೇನಿ. ಕೂಲಿ ಬ್ಯಾಡ. ಕೈ ಸುಮ್ನ ಕುಂಡ್ರವಲ್ದು" ಅಂದು ಹೊರಟುಹೋದ.

ತಿರುಗಿದರೆ ಹಿಂದೆ ಆಯಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಮೋಟಾರ ಕೆಟ್ಟ ದಿನಾ ನೀ ಓದಿದ ಪೇಪರಿಗೆ ವಾಸನಿ ಇರಲಿಲ್ಲ" ಅಂದಳು.

ಹೊಸ ಪೇಪರು ಬಿಚ್ಚಿದರೆ ಒಂದು ಮಸಿಯ ವಾಸನೆ ಇರುತ್ತದಲ್ಲ, ಅದು. ಅಕ್ಷರ ಬಾರದ ಮುದುಕಿ ಪೇಪರನ್ನು ಮೂಗಿನಿಂದ ಓದಿದ್ದಳು. ನಾನು ಅವಳ ಸೀರೆಗೆ ಮುಖ ಹಚ್ಚಿ ಅತ್ತೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ನೀನ ಹೇಳತಿ ಅಂತ ದಾರಿ ಕಾದ್ನಿ. ನಾ ಹಗಲೆಲ್ಲಾ ಕಾದ್ರೂ ಆ ಫೌಜದಾರ ಕಾಯಂಗಿಲ್ಲ. ಇವತ್ತ ಮಧ್ಯಾಹ್ನ ಖರೆ ಓದು."

ಮಧ್ಯಾಹ್ನ ಗಂಗವ್ವ ಕಾಕುನ ಮನೆಯಲ್ಲಿ, ಅದೇ ಕಂಬಳಿಯ ಮೇಲೆ, ಅದೇ ದಿಂಬಿಗೆ ಒರಗದೆ ನೆಟ್ಟಗೆ ಕೂತು ಹೇಳಿದೆ. ಅವತ್ತು ಪೇಪರು ಬಂದಿರಲಿಲ್ಲ, ಒಕ್ಕಣ್ಣನ ಮಾತು ನಾನೇ ಕಟ್ಟಿದ್ದು, ನನ್ನದು ತಪ್ಪಾಯಿತು ಅಂದೆ. ಬೈಗುಳ ಬರಲಿ ಅಂತ ಕಣ್ಣು ಮುಚ್ಚಿ ಕಾದೆ.

ಬೈಗುಳ ಬರಲಿಲ್ಲ. ಗಂಗವ್ವ ಕಾಕು ನನ್ನ ತಲೆ ಸವರಿದಳು. "ಅಯ್ಯ ನನ್ನ ಕೂಸ! ಹೆದರೈತಿ ಹುಡುಗಿ. ಮುಂಜಾನೆ ಅಂವಾ ಇವರ ಮನಿಗೆ ಹೋಗಿದ್ದ, ನಾನ ಕಣ್ಣಾರೆ ನೋಡೇನಿ. ಏನೋ ಹೇಳಿ ಅಂಜಿಸ್ಯಾನ."

"ಇಲ್ಲ ಕಾಕು! ಸುಳ್ಳ ನಂದು!"

"ಪೇಪರನ್ಯಾಗ ಬಂದದ್ದು ಸುಳ್ಳ ಹೆಂಗಾದೀತವ್ವಾ" ಅಂದಳು ಇನ್ನೊಬ್ಬಳು. ಎಲ್ಲರೂ ತಲೆಯಾಡಿಸಿದರು. ನಾನು ಹೇಳಿದ ಸುಳ್ಳನ್ನು ನಂಬಿದ ಜನ ನಾನು ಹೇಳಿದ ನಿಜವನ್ನು ನಂಬಲಿಲ್ಲ. ಕಾಕು ಗಂಡನಿಗೆ ಹೇಳಿಕಳಿಸಲು ಎದ್ದಳು, ಆಳು ನಾಳೆ ಬೇಡ, ಇವತ್ತೇ ಗೋಕಾಕಕ್ಕೆ ಹೋಗಲಿ ಅಂತ. ನನ್ನ ತಪ್ಪೊಪ್ಪಿಗೆಯಿಂದ ದುರಗಪ್ಪನಿಗೆ ಆದ ಉಪಕಾರ ಇದು!

ಆಗ ಆಯಿ ಮೂಲೆಯಿಂದ ಮಾತಾಡಿದಳು.

"ಆತು. ಹುಡುಗಿ ಹೇಳೋದು ಸುಳ್ಳ, ಪೇಪರ ಹೇಳಿದ್ದು ಖರೆ. ಹೌದಲ್ಲ?"

"ಹೌದ" ಅಂದಳು ಕಾಕು.

"ಖೂನಿ ಆಗಿ ಎಷ್ಟ ವರ್ಷಾತು?"

"ಹನ್ನೆರಡ."

"ಆಗ ಅಂವಂದು ಎಡಗಣ್ಣ ಮುಚ್ಚಿತ್ತು?"

"ಮುಚ್ಚಿತ್ತು ಅಂತನ ಬಂದೈತಲ್ಲ."

"ಗಂಗವ್ವಾ, ನೀ ಇನ್ನೂ ಈ ಊರಿಗೆ ನಡಿಯಾಕ ಬಂದಿರಲಿಲ್ಲ. ಉಳದವ್ರು ಹೇಳ್ರಿ. ದುರಗಪ್ಪನ ಕಣ್ಣ ಹ್ವಾದದ್ದ ಯಾವಾಗ? ಶಾಂತವ್ವನ ಸಾಲಿಗೆ ಹಾಕಿದ ವರ್ಷ. ನಮ್ಮ ಪಡಸಾಲ್ಯಾಗ, ನಮ್ಮ ಕಲ್ಲಿನ ಚೂರ ಸಿಡದು. ಆಗ ಅಕಿಗೆ ಏಳು, ಈಗ ಹದಿನೇಳು."

ಹೆಂಗಸರು ಕಣಕ ಮೆತ್ತಿದ ಬೆರಳು ಮಡಚಿದರು, ಬಿಚ್ಚಿದರು.

"ಹತ್ತ ವರ್ಷ" ಅಂದಳು ಹೊಸ ಸೊಸೆ.

"ಹನ್ನೆರಡ ವರ್ಷದ ಹಿಂದ ಅವಂಗ ಎರಡೂ ಕಣ್ಣ ಇದ್ದೂ" ಅಂದಳು ಆಯಿ.

"ಹೌದ ಹೌದ! ನಾನ ಓಡಿ ಹೋಗಿ ಅರಿಷಿಣ ತಂದ ಕೊಟ್ಟಿದ್ನಲ್ಲ" ಅಂತ ಇನ್ನೊಬ್ಬ ಮುದುಕಿಗೆ ಆವಾಗ ನೆನಪಾಯಿತು. ಮರೆತಿದ್ದಳೆಂದಲ್ಲ. ಕೊಲೆಗಾರ ಸಿಕ್ಕ ಸಂಭ್ರಮದಲ್ಲಿ ನೆನಪು ಮಾಡಿಕೊಳ್ಳುವುದು ಯಾರಿಗೂ ಬೇಕಾಗಿರಲಿಲ್ಲ.

"ಹಂಗಾರ ಇಂವ ಅಲ್ಲ" ಅಂದಳು ಗಂಗವ್ವ ಕಾಕು. ಅವಳ ಮುಖದಲ್ಲಿ ಸಮಾಧಾನಕ್ಕಿಂತ ನಿರಾಶೆ ಹೆಚ್ಚಿತ್ತು. ಈಗ ಟೀವಿಯಲ್ಲಿ ಅಡುಗೆಯಾಕೆ ನಿರಪರಾಧಿ ಅಂತ ಗೊತ್ತಾದಾಗ ನಮ್ಮ ವೀಣಾಳ ಮುಖದಲ್ಲಿಯೂ ಥೇಟ್ ಅದನ್ನೇ ನೋಡುತ್ತೇನೆ.

ಆದರೂ ಕಾಕು ಎದ್ದಳು, ಈ ಸಲ ಆಳನ್ನು ನಿಲ್ಲಿಸಲು. ಬರುವಾಗ ಚಾವಡಿಗೆ ಹೋಗಿ ಬಾಣಂತಿಯನ್ನೂ ಕೂಸನ್ನೂ ತನ್ನ ಮನೆಗೇ ಕರೆದುಕೊಂಡು ಬಂದಳು. ಬಿಸಿ ಅನ್ನ ತುಪ್ಪ ಹಾಕಿ, "ಯಾಕವ್ವಾ, ಇಷ್ಟ ದಿನಾ ಎಲ್ಲಿ ಇದ್ದೀರಿ, ಕಾಣಲೇ ಇಲ್ಲಲ್ಲ" ಅಂತ ಕೇಳಿದಳಂತೆ! ಕಾಕುನ ಈ ಧೈರ್ಯವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ವಾರದಲ್ಲಿ ಓಣಿಯ ಎಲ್ಲ ಕಲ್ಲಿಗೂ ಹಲ್ಲು ಬಂದವು, ರೊಟ್ಟಿ ಚಂದ್ರನಂತೆ ಗುಂಡಗಾದವು.

ಆ ಸಾಹುಕಾರನನ್ನು ಕೊಂದವರು ಯಾರು ಅಂತೀರಾ? ಗೊತ್ತಿಲ್ಲ ನೋಡಿ. ನನ್ನನ್ನು ಶಾವಿಗೆ ಮಣೆಗೆ ಹತ್ತಿಸಿದರು, ಪೇಪರು ಅಪ್ಪನ ಮೇಜಿನ ಮೇಲೆಯೇ ಉಳಿಯಿತು, ಪೇಪರಿನವರೂ ಸುಸ್ತಾಗಿ ಬೇರೆ ಸುದ್ದಿ ಹಿಡಿದರು. ಇಷ್ಟು ವರ್ಷವಾದರೂ ಆ ಹೆಣ್ಣುಮಗಳು ಕುಂಕುಮ ಅಳಿಸಿದಳೋ ಇಲ್ಲವೋ ಅನ್ನುವ ಕುತೂಹಲ ಮಾತ್ರ ನನಗೆ ಹೋಗಿಲ್ಲ. ಅದಕ್ಕೇ ಸ್ಫೂರ್ತಿ ಮೊನ್ನೆ ಟೀವಿಯೊಳಗಿನ ಒಬ್ಬನನ್ನು ತೋರಿಸಿ "ಇವನ ಮಾರಿ ನೋಡ ಅಜ್ಜಿ, ಖೂನಿ ಮಾಡಿದವನ ಮಾರಿ ಅಲ್ಲೇನ?" ಅಂದಾಗ, "ಇಪ್ಪತ್ತ ವರ್ಷದ ಹಿಂದ ಇವನ ಮಾರಿ ಹೆಂಗಿತ್ತು?" ಅಂತ ಕೇಳಿದೆ. ಅಜ್ಜಿಗೆ ಅರಳು ಮರಳು ಅಂತ ನಕ್ಕಳು.

ಒಂದು ಹೇಳುವುದು ಉಳಿಯಿತು. ದುರಗಪ್ಪನಿಗೆ ನಾನು ಹೇಳಿದ್ದು.

ನಮ್ಮ ಕಲ್ಲನ್ನು ಅವನು ಎಲ್ಲಕ್ಕಿಂತ ಕಡೆಗೆ ಕಟೆಯಲು ಬಂದ. ಕಲ್ಲು ಅಲುಗದಂತೆ ಮನೆಯವರೊಬ್ಬರು ಹಿಡಿಯಬೇಕು. ಆಯಿ ನನ್ನನ್ನೇ ಕೂರಿಸಿದಳು. ಟಕ್, ಟಕ್ ಅಂತ ಅವನು ಶುರು ಮಾಡಿದ. ನಾನು ಎಲ್ಲವನ್ನೂ ಹೇಳಿದೆ, ಪೇಪರು, ಮೋಟಾರು, ದಿಂಬು, ಎಡಗಣ್ಣು. ಅವನ ಮುಖ ನೋಡಲಾಗದೆ ಕಲ್ಲು ನೋಡುತ್ತ, ಬಗ್ಗಿ ಬಗ್ಗಿ ಹೇಳಿದೆ.

ಚಾಣ ನಿಂತಿತು. ಬಯ್ಯುತ್ತಾನೆ ಅಂದುಕೊಂಡೆ. ದುರಗಪ್ಪ ದೊಡ್ಡದಾಗಿ ಉಸಿರು ಬಿಟ್ಟ.

"ಅಷ್ಟ ಏನ? ನಾ ಗಿರಣಿ ಬಂತಂತ ತಿಳದಿದ್ನಿ ತಂಗೀ. ಜೀವಾನ ಹೋಗಿತ್ತ ನಂದು."

ಮತ್ತೆ ಚಾಣ ಎತ್ತಿದವನು ತಡೆದು, ಎಡಗೈಯಿಂದ ನನ್ನ ಹಣೆಯನ್ನು ಮೆಲ್ಲಗೆ ಹಿಂದಕ್ಕೆ ದೂಡಿದ.

"ಮಾರಿ ಹಿಂದ ತಗೊ. ಸಣ್ಣಾಕಿದ್ದಾಗನೂ ಹಿಂಗ ಬಗ್ಗಿ ನೋಡಾಕ ಬಂದಿದ್ದಿ. ನಿನ್ನ ದೂಡಿ ಈಕಡೆ ಹೊಳ್ಳೂದ್ರಾಗ ಚೂರ ಬಂದ ನನ್ನ ಕಣ್ಣಿಗೆ ಬಡೀತು."

ಹಳೆಯದೊಂದು ತಮಾಷೆ ನೆನಪಾದವನಂತೆ ನಕ್ಕ. ಆಯಿಯ ಕಡೆ ನೋಡಿದೆ, ಅವಳು ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ. ಟಕ್, ಟಕ್ ಅಂತ ಸಪ್ಪಳ ಮತ್ತೆ ಶುರುವಾಯಿತು. ನಾನು ಕಲ್ಲನ್ನು ಗಟ್ಟಿಯಾಗಿ ಹಿಡಿದು ನನ್ನ ಎರಡೂ ಕಣ್ಣು ಮುಚ್ಚಿಕೊಂಡೆ.